ತಕರಾರು: ದೂರೋ, ಆಕ್ಷೇಪವೋ?

ಎಲ್ಲರಿಗೂ ನಮಸ್ಕಾರ. 'ತಕರಾರು' ಎಂಬ ಪದದ ಬಗ್ಗೆ ಕೇಳಬೇಕಿದೆ. ಕೇಳಲು ಕಾರಣ ನಮ್ಮ ಓಣಿಯ ಸಭೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಎರಡು ತಿಂಗಳ ಹಿಂದೆ ಹಳೇ ಹುಬ್ಬಳ್ಳಿಯಲ್ಲಿ, ಗುಡಿ ಮುಂದೆ ಜಮಖಾನೆ ಹಾಸಿ ವಾರ್ಡಿನವರೆಲ್ಲ ಕೂತಿದ್ದೆವು. ಗಟಾರ ಅಗಲ ಮಾಡುವ ಮಾತು ನಡೆದಿತ್ತು. ನಮ್ಮ ಪಕ್ಕದ ಮನೆಯ ಅಜ್ಜಾರು ಎದ್ದು ನಿಂತು, "ನಂದೊಂದು ತಕರಾರ ಐತ್ರಿ ಸಾಹೇಬ್ರ, ಈ ಗಟಾರದ್ದು" ಅಂದರು. ಅಷ್ಟರಲ್ಲಿ ಹಿಂದಿನಿಂದ ಯಾರೋ ನಳದ ನೀರಿನ ಮಾತು ಎತ್ತಿದರು. ನೀರು ಅಂದರೆ ಗೊತ್ತಲ್ವಾ, ಸಭೆಯೆಲ್ಲ ಆ ಕಡೆ ತಿರುಗಿತು. ಅಜ್ಜಾರು ಸ್ವಲ್ಪ ಹೊತ್ತು ನಿಂತೇ ಇದ್ದು, ಕೂತುಬಿಟ್ಟರು.

ಮುಂದಿನ ಸಭೆಯಲ್ಲಿ ನಡಾವಳಿ ಓದಿದಾಗ ಅದರಲ್ಲಿ ಹೀಗಿತ್ತು: 'ಗಟಾರ ಕಾಮಗಾರಿಗೆ ಸ್ಥಳೀಯರೊಬ್ಬರು ಆಕ್ಷೇಪ ವ್ಯಕ್ತಪಡಿಸಿದರು.' ಅಜ್ಜಾರ ಮುಖ ಸಣ್ಣದಾಯಿತು. "ನಾ ಯಾವಾಗ ಬ್ಯಾಡ ಅಂದೇನ್ರಿ? ಮಳಿ ಬಂದ್ರ ಗಟಾರದ ನೀರು ಹೊಸ್ತಿಲ ದಾಟಿ ಅಡಗಿ ಮನಿತನಕ ಬರತೈತಿ. ಅದನ್ನ ಹೇಳಾಕ ಎದ್ದಿದ್ದೆ" ಅಂದರು.

ಬರೆದುಕೊಂಡವರು ತುಮಕೂರು ಕಡೆಯವರು, ಈಚೆಗೆ ವರ್ಗವಾಗಿ ಬಂದವರು. ಅವರಲ್ಲಿ ಕೆಟ್ಟ ಉದ್ದೇಶ ಏನೂ ಇರಲಿಲ್ಲ. "ನಮ್ಮ ಕಡೆ ತಕರಾರು ಅಂದ್ರೆ ಆಕ್ಷೇಪಣೆ ಸಾರ್" ಅಂತ ಹೇಳಿ, ಅಲ್ಲೇ ತಿದ್ದಿದರು. ಆದರೆ ಸುಮ್ನೆ ಬಿಡುವ ವಿಷಯ ಅಲ್ಲ ಇದು. ಅವಳಿ ನಗರದ 82 ವಾರ್ಡುಗಳೂ ಕೆಲಸ ಬೇಕು ಅಂತ ಕೇಳುವಾಗ, 'ಆಕ್ಷೇಪ ಇದೆ' ಎಂದು ದಾಖಲಾದ ಗಟಾರವನ್ನು ಯಾರು ಮೊದಲು ಕೈಗೆ ತೆಗೆದುಕೊಳ್ಳುತ್ತಾರೆ?

ಪದದ ಮೂಲ ಅರಬಿ. ಅಲ್ಲಿ 'ತಕ್ರಾರ್' ಅಂದರೆ ಮತ್ತೆ ಮತ್ತೆ ಹೇಳುವುದು, ಮತ್ತೆ ಮತ್ತೆ ಮಾಡುವುದು. ಉರ್ದು, ಹಿಂದಿಯಲ್ಲಿ ಅದು ವಾದ, ಜಗಳ ಆಯಿತು. ಮರಾಠಿಯಲ್ಲಿ 'ತಕ್ರಾರ್' ಅಂದರೆ ಸೀದಾ ದೂರು. ಅಲ್ಲಿನ ಕಚೇರಿಗಳಲ್ಲಿ ದೂರಿನ ಡಬ್ಬಿಗೆ 'ತಕ್ರಾರ್ ಪೇಟಿ' ಎಂದೇ ಬರೆದಿರುತ್ತದೆ. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆಗ ಗದಗ, ಹಾವೇರಿ ಕೂಡ ಇದೇ ಜಿಲ್ಲೆಯೊಳಗೆ. ಮರಾಠಿಯ ಅರ್ಥ ನಮ್ಮ ಹಿರಿಯರ ಬಾಯಲ್ಲಿ ಉಳಿದಿರುವುದು ಆ ದಾರಿಯಿಂದಲೇ ಅಂತ ನನಗನಿಸುತ್ತದೆ. 'ಠರಾವು' ಬಂದದ್ದೂ ಅದೇ ದಾರಿಯಲ್ಲಿ. ಮರಾಠಿಯ 'ಠರಣೆ', ಅಂದರೆ ಗೊತ್ತಾಗುವುದು, ನಿಶ್ಚಯವಾಗುವುದು. ಅದರಿಂದ ತೊಂದರೆ ಇಲ್ಲ. ನಡಾವಳಿಯಲ್ಲಿ 'ನಿರ್ಣಯ' ಎಂದು ಬರೆದರೂ, ಜನ "ಠರಾವ ಆತೇನ್ರಿ?" ಎಂದು ಕೇಳಿದರೂ ಇಬ್ಬರಿಗೂ ಅರ್ಥ ಒಂದೇ.

ತಕರಾರು ಹಾಗಲ್ಲ. ಹುಬ್ಬಳ್ಳಿಯಲ್ಲೇ ಎರಡೂ ಅರ್ಥ ಓಡಾಡುತ್ತಿವೆ. ಜಾಗ ಕೊಳ್ಳುವವರು ಪತ್ರಿಕೆಯಲ್ಲಿ ಕೊಡುವ ನೋಟಿಸಿನಲ್ಲಿ 'ಯಾರದಾದರೂ ತಕರಾರು ಇದ್ದಲ್ಲಿ' ಅಂದರೆ ಆಕ್ಷೇಪವೇ. 'ತಂಟೆ ತಕರಾರು' ಅಂದರೆ ಜಗಳ. ಆದರೆ ನಮ್ಮ ಮನೆಯಲ್ಲಿ "ನಳದ ತಕರಾರ ಬರದು ಕೊಟ್ಟು ಬಾ" ಅಂದರೆ ನೀರು ಬರುತ್ತಿಲ್ಲ ಅಂತ ಅರ್ಜಿ ಕೊಟ್ಟು ಬರುವುದು.

ಕಿವಿಗೊಟ್ಟು ಕೇಳಿದರೆ ಪದದ ಅಕ್ಕಪಕ್ಕದಲ್ಲೇ ಗುರುತು ಸಿಗುತ್ತದೆ ಅನ್ನುವುದು ನನ್ನ ಊಹೆ. 'ಗಟಾರಕ್ಕ ತಕರಾರ' ಅಂದರೆ ಗಟಾರ ಬೇಡ. 'ಗಟಾರದ ತಕರಾರ' ಅಂದರೆ ಗಟಾರ ಸರಿ ಇಲ್ಲ, ಸರಿ ಮಾಡಿ. ತಕರಾರು 'ತೆಗೆದರೆ' ಆಕ್ಷೇಪ, 'ಬರೆದುಕೊಟ್ಟರೆ' ದೂರು. ಅಜ್ಜಾರು ಹೇಳಿದ್ದು 'ಗಟಾರದ್ದು' ಅಂತ. ವಿಭಕ್ತಿಯೇ ಅವರ ಪರ ಸಾಕ್ಷಿ ಹೇಳುತ್ತದೆ.

ಹಾಗಾದರೆ 'ದೂರು' ಎಂದೇ ಬರೆದರಾಯಿತಲ್ಲ ಅಂತ ಕೆಲವರು ಹೇಳಿದರು. ಅದನ್ನು ಅಜ್ಜಾರೇ ಒಪ್ಪಲಿಲ್ಲ. "ನಾ ಯಾರ ಮ್ಯಾಲೂ ದೂರು ಹೇಳಿಲ್ರಿ" ಅಂದರು. ದೂರು ಒಬ್ಬರ ಮೇಲೆ ಹೇಳುವಂಥದ್ದು. ತಕರಾರಿಗೆ ಹಾಗೆ ಎದುರಿಗೆ ಆಳು ಬೇಕಿಲ್ಲ, ಕೆಟ್ಟ ಗಟಾರ ಇದ್ದರೆ ಸಾಕು. 'ಅಹವಾಲು' ಇದೆ, ಆದರೆ ಅದರಲ್ಲಿ ಕೈಮುಗಿದು ನಿಂತ ಭಾವ ಜಾಸ್ತಿ. ತೆರಿಗೆ ಕಟ್ಟುವ ಮನುಷ್ಯ ತನ್ನ ಸಭೆಯಲ್ಲಿ ಕೈ ಯಾಕೆ ಮುಗಿಯಬೇಕು? ಅವರು ಆಡಿದ ಪದವನ್ನೇ ಇಟ್ಟು, ಮುಂದೆ ವಿಷಯ ಬರೆಯಬೇಕು ಅನ್ನುವುದು ನನ್ನ ನಿಲುವು: 'ಮಳೆಗಾಲದಲ್ಲಿ ಗಟಾರದ ನೀರು ಮನೆಯೊಳಗೆ ಬರುವ ಬಗ್ಗೆ ತಕರಾರು ಹೇಳಿದರು.' ಆಗ ತುಮಕೂರಿನವರಿಗೂ ತಿಳಿಯುತ್ತದೆ.

ಈಗ ನಿಮ್ಮನ್ನು ಕೇಳುವುದು ಇಷ್ಟು. ರೋಣ, ರಾಣೆಬೆನ್ನೂರು, ಶಿಗ್ಗಾವಿ ಕಡೆಯವರು 'ತಕರಾರು' ಪದವನ್ನು ದೂರು ಅನ್ನುವ ಅರ್ಥದಲ್ಲಿ ಈಗಲೂ ಆಡುತ್ತೀರಾ, ಅಥವಾ ವಯಸ್ಸಾದವರು ಮಾತ್ರವಾ? ಹಳೇ ಮೈಸೂರು ಕಡೆ ಈ ಅರ್ಥ ಎಲ್ಲಾದರೂ ಕೇಳಿದ್ದೀರಾ? ನಿಜಾಮರ ಆಡಳಿತದಲ್ಲಿದ್ದ ಕಲಬುರಗಿ, ಬೀದರ ಕಡೆ ಉರ್ದುವಿನ ಜಗಳದ ಅರ್ಥ ಮುಂದಾಗಿದೆಯಾ? ನಿಮ್ಮ ಮನೆಯಲ್ಲಿ ಆಡುವ ಒಂದೊಂದು ಪೂರ್ತಿ ವಾಕ್ಯ ಬರೆದು ಕಳಿಸಿ. 'ಕ್ಕ' ಬರುತ್ತದೋ 'ದ' ಬರುತ್ತದೋ ನೋಡಬೇಕಿದೆ.