ಮಂಡಿ ನೋವಿಗೆ ಮಾತ್ರೆ ತಗೊಂಡ ಮೇಲೆ ಕಿವಿಯೊಳಗೆ ಜೀರುಂಡೆ ಕೂಗೋದು ಯಾರಿಗಾದ್ರೂ ಆಗಿದ್ಯಾ?

ಕಾಫಿಕಣ:

ನಮ್ಮದು ಸಕಲೇಶಪುರದ ಹತ್ರ, ಹಾನುಬಾಳು ಕಡೆ. ನಾಲ್ಕೂವರೆ ಎಕರೆ ರೋಬಸ್ಟಾ, ಪೂರ್ತಿ ಇಳಿಜಾರು. ನನಗೆ ಐವತ್ತಾರು. ಈ ಸಲ ಕುಯ್ಲಿಗೆ ಆಳು ಸಾಲದೆ ನಾನೂ ತೋಟಕ್ಕೆ ಇಳಿದೆ. ಫೆಬ್ರವರಿ ಮುಗಿಯೋ ಹೊತ್ತಿಗೆ ಎರಡೂ ಮಂಡಿ ಹಿಡ್ಕೊಂಡ್ವು, ಕೂತ್ರೆ ಏಳೋಕಾಗಲ್ಲ.

ನೀರಿಗೆ ಹಾಕಿದ್ರೆ ಬುಸ್ ಅಂತ ಕರಗುತ್ತಲ್ಲ, ಆ ಆಸ್ಪಿರಿನ್ ಮಾತ್ರೆ ನನ್ನ ತವರಿನಲ್ಲಿ ಉಪ್ಪಿನ ಭರಣಿ ಪಕ್ಕದಲ್ಲೇ ಇರ್ತಿತ್ತು. ತಲೆನೋವು, ಹಲ್ಲುನೋವು, ಮೈಕೈ ನೋವು ಎಲ್ಲಕ್ಕೂ ಅದೇ. ಹಾಗಾಗಿ ಯಾರನ್ನೂ ಕೇಳದೆ ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ರಾತ್ರಿ ಎರಡು ಶುರು ಮಾಡಿದೆ. ನೋವು ಜಾಸ್ತಿ ಇದ್ದ ದಿನ ಎಂಟೂ ಆಗಿದೆ. ಮೂರು ವಾರ ಆಯ್ತು.

ಹತ್ತು ಹನ್ನೆರಡು ದಿನಕ್ಕೆ ಜೀರುಂಡೆ ಶುರುವಾಯ್ತು. ಹೂಮಳೆ ಬಿದ್ದು ಬಿಸಿಲು ಏರ್ತಿತ್ತು, ತೋಟದಲ್ಲಿ ಅವು ಕೂಗೋ ಕಾಲವೇ ಬಂತು ಅಂತ ನನಗೆ ಅನುಮಾನವೇ ಬರ್ಲಿಲ್ಲ. ‘ಈ ಸಲ ಬೇಗ ಬಂದಿವೆ ನೋಡಿ’ ಅಂತ ಮನೆಯವರಿಗೂ ಹೇಳಿದೆ. ಅವರು ‘ಎಲ್ಲಿ?’ ಅಂದ್ರು. ಇವರಿಗೆ ಕಿವಿ ಮಂದ ಆಯ್ತು ಅಂತ ನಾನು ನಕ್ಕೆ.

ಹೋದ ಶುಕ್ರವಾರ ನಾಮಕರಣ ಅಂತ ಹಾಸನಕ್ಕೆ, ತಂಗಿ ಮಗಳ ಮನೆಗೆ ಹೋಗಿದ್ದೆ. ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಗಿ ಫ್ಯಾನ್ ನಿಂತ್ಹೋಯ್ತು. ಸುತ್ತ ಬರೀ ಸಿಮೆಂಟು, ಕಣ್ಣಿಗೆ ಒಂದು ಮರ ಇಲ್ಲ. ಜೀರುಂಡೆ ಮಾತ್ರ ದಿಂಬಿನೊಳಗೆ ಕೂತ ಹಾಗೆ ಒಂದೇ ಸಮ ಕೂಗ್ತಿದೆ. ಎಡಕ್ಕೆ ಹೊರಳಿದ್ರೂ ಅಷ್ಟೇ, ಬಲಕ್ಕೆ ಹೊರಳಿದ್ರೂ ಅಷ್ಟೇ, ಕಿವಿ ಮುಚ್ಕೊಂಡ್ರೆ ಇನ್ನೂ ಜೋರು. ಮೈ ಜುಮ್ ಅಂತು. ಬೆಳಗಿನವರೆಗೂ ನಿದ್ದೆ ಬರ್ಲಿಲ್ಲ.

ಈಗ ಯೋಚನೆ ಮಾಡಿದ್ರೆ, ಕುಕ್ಕರ್ ಎಷ್ಟು ಕೂಗಿತು ಅನ್ನೋ ಲೆಕ್ಕವೂ ತಪ್ತಿದೆ. ಮೂರು ಅಂದ್ಕೊಂಡಿದ್ದು ಐದಾಗಿ ಎರಡು ಸಲ ಬೇಳೆ ಗಂಜಿ ಆಗಿದೆ. ಕಿವಿ ಸೋರ್ತಿಲ್ಲ, ತಲೆ ಸುತ್ತಿಲ್ಲ. ಬಿಪಿಗೆ ಟೆಲ್ಮಿಸಾರ್ಟಾನ್ 40 ತಗೋತೀನಿ. ಇದು ಮಾತ್ರೆಯಿಂದಾನಾ, ವಯಸ್ಸಿಂದಾನಾ? ಡಾಕ್ಟರ ಹತ್ರ ಹೋಗಿ ಅಂತ ಬರೀಬೇಡಿ, ಹೋಗೇ ಹೋಗ್ತೀನಿ. ನಿಮಗೆ ಹೀಗೆ ಏನಾದ್ರೂ ಆಗಿದ್ರೆ ಹೇಳಿ.

ಆಲ್ದೂರು_ಮೆಣಸು:

ಅಕ್ಕ, ಕಿವಿದು ಗೊತ್ತಿಲ್ಲ, ನನ್ನದು ಕಾಲಿಂದು. ಸರ್ಪಸುತ್ತು ವಾಸಿಯಾದ ಮೇಲೂ ಪಕ್ಕೆ ಉರಿ ಬಿಡದೆ ಪ್ರಿಗಾಬಾಲಿನ್ 75 ಕೊಟ್ರು. ಮೊದಲ ನಾಲ್ಕು ದಿನ ಮನೆ ನೆಲವೆಲ್ಲ ಹತ್ತಿ ಹಾಸಿಗೆ. ಹೊಸ್ತಿಲು ದಾಟಿದ್ರೆ ಆ ಕಡೆ ನೆಲ ಒಂದು ಗೇಣು ಕೆಳಗಿದೆ ಅನ್ಸೋದು. ಏಣಿ ಹತ್ತಬೇಡ ಅಂತ ಡಾಕ್ಟರು ಮೊದಲೇ ಹೇಳಿದ್ರು. ಮೆಣಸು ಹಣ್ಣಾಗಿ ಉದುರ್ತಿತ್ತು, ಹತ್ತಿದೆ. ಎರಡನೇ ಮೆಟ್ಟಿಲಿಗೇ ಬುದ್ಧಿ ಬಂತು. ರಾತ್ರಿ ಮಾತ್ರ ತಗೊಳ್ಳೋ ಹಾಗೆ ಬದಲಿಸಿ ಕೊಟ್ಟ ಮೇಲೆ ಸರಿಹೋಯ್ತು.

ಬೇಲೂರ್_ಹುಡ್ಗ:

ಬೆಳ್ಳುಳ್ಳಿ ಜಜ್ಜಿ ಕೊಬ್ಬರಿ ಎಣ್ಣೇಲಿ ಕಾಯ್ಸಿ ಎರಡು ಹನಿ ಕಿವಿಗೆ ಬಿಡಿ ಆಂಟಿ. ನಮ್ಮಜ್ಜಿ ಗ್ಯಾರಂಟಿ.

ಹಳೇ_ಕಾಂಪೌಂಡರ್:

ಬೇಲೂರು ತಮ್ಮ, ಅಜ್ಜಿಗೆ ನನ್ನ ನಮಸ್ಕಾರ ತಿಳಿಸು, ಆ ಎಣ್ಣೆ ಒಗ್ಗರಣೆಗಿರಲಿ.

ತಾಯಿ, ನಾನು ಹಾಸನದಲ್ಲಿ 31 ವರ್ಷ ಮೆಡಿಕಲ್ ಶಾಪ್ ಕೌಂಟರಿನ ಹಿಂದೆ ನಿಂತವನು. ನೀವು ಬರೆದಿರೋದು ಆಸ್ಪಿರಿನ್ ಜಾಸ್ತಿಯಾದಾಗ ಆಗೋ ಲಕ್ಷಣಕ್ಕೆ ಸರಿಯಾಗಿ ಹೊಂದುತ್ತೆ. ಮುಂದೆ ಹೇಳೋಕೆ ಮುಂಚೆ ಒಂದು ಪ್ರಶ್ನೆ. ಮಂಡಿಗೆ ಹಚ್ಚೋದು ಏನು?

ಕಾಫಿಕಣ:

ಊಟಿಗೆ ಹೋದಾಗ ತಂದ ವಿಂಟರ್‌ಗ್ರೀನ್ ಎಣ್ಣೆ. ಅಂಗೈಗೆ ಸುರ್ಕೊಂಡು ಎರಡೂ ಮಂಡಿಗೆ ಚೆನ್ನಾಗಿ ತಿಕ್ಕಿ, ಹಳೇ ಉಲ್ಲನ್ ಶಾಲು ಸುತ್ತಿ, ಮೇಲೆ ಬಿಸಿನೀರಿನ ಚೀಲ ಇಡ್ತೀನಿ. ದಿನಕ್ಕೆರಡು ಸಲ. ಅದು ಮೈಮೇಲೆ ಹಚ್ಚೋದು ತಾನೇ, ಒಳಗೆ ಹೋಗಲ್ವಲ್ಲ?

ಹಳೇ_ಕಾಂಪೌಂಡರ್:

ಹೋಗುತ್ತೆ ತಾಯಿ, ಚೆನ್ನಾಗೇ ಹೋಗುತ್ತೆ. ಅಂಗಡಿಗೆ ಬಂದವರೆಲ್ಲ ಮಾತ್ರೆ ಹೆಸರು ಹೇಳ್ತಾರೆ, ಎಣ್ಣೆ ಹೆಸರು ಯಾರೂ ಹೇಳಲ್ಲ, ಅದಕ್ಕೇ ಕೇಳಿದೆ.

ಗಂಧಪುರ ತೈಲ ಅಂತಲೂ ಕರೀತಾರಲ್ಲ, ಅದೇ ಇದು. ಅಪ್ಪಟ ಎಣ್ಣೆಯಾದ್ರೆ ಹೆಚ್ಚುಕಡಿಮೆ ಪೂರ್ತಿ ಮೀಥೈಲ್ ಸ್ಯಾಲಿಸಿಲೇಟ್. ಆಸ್ಪಿರಿನ್ನಿನ ಒಡಹುಟ್ಟು. ಒಂದು ಟೀ ಚಮಚ, ಅಂದ್ರೆ 5 ಮಿ.ಲೀ. ಎಣ್ಣೆಯಲ್ಲಿ ಸುಮಾರು 7 ಗ್ರಾಂ ಆಸ್ಪಿರಿನ್ನಿಗೆ ಸಮನಾದ ಸತ್ವ ಇರುತ್ತೆ. ನಿಮ್ಮ ಮಾತ್ರೆ 350 ಮಿ.ಗ್ರಾಂ ಅಂತ ಹಿಡಿದ್ರೆ ಇಪ್ಪತ್ತು ಮಾತ್ರೆ. ಅಷ್ಟೂ ಚರ್ಮ ದಾಟಲ್ಲ, ನಿಜ. ಆದ್ರೆ ಮೇಲೆ ಬಟ್ಟೆ ಸುತ್ತಿ ಶಾಖ ಕೊಟ್ರೆ ದಾಟೋದು ಜಾಸ್ತಿಯಾಗುತ್ತೆ. ನೀವು ಆರು ಅಂತ ಎಣಿಸ್ತಿದ್ರಿ, ಮೈಗೆ ಸೇರಿದ್ದು ಎಷ್ಟೋ.

ಕಿವಿಯೊಳಗೆ ಶಂಖದ ಥರ ಸುರುಳಿ ಸುತ್ತಿದ ಒಂದು ಭಾಗ ಇದೆ. ಅಲ್ಲಿ ಕೂದಲಿನಂಥ ಎಳೆ ಇರೋ ಸಣ್ಣ ಜೀವಕೋಶಗಳು. ಸದ್ದು ಬಂದಾಗ ಅವು ಉದ್ದ ಗಿಡ್ಡ ಆಗ್ತಾ ಸಣ್ಣ ಸದ್ದನ್ನ ದೊಡ್ಡದು ಮಾಡ್ತವೆ. ಹಾಗೆ ಕುಣಿಯೋಕೆ ಪ್ರೆಸ್ಟಿನ್ ಅನ್ನೋ ಪ್ರೋಟೀನ್ ಬೇಕು, ಮಾತ್ರೆ, ಎಣ್ಣೆ ಎರಡರಿಂದಲೂ ಮೈಗೆ ಸೇರೋ ಸ್ಯಾಲಿಸಿಲೇಟ್ ಹೋಗಿ ಅದನ್ನ ಕಟ್ಟಿಹಾಕುತ್ತೆ. ನಿಮ್ಮ ಕುಕ್ಕರ್ ಲೆಕ್ಕ ತಪ್ಪಿದ್ದು ಅಲ್ಲೇ. ಹಿಂದೆ ಕೀಲುವಾತಕ್ಕೆ ಆಸ್ಪಿರಿನ್ ಕೊಡೋ ಕಾಲದಲ್ಲಿ ಡಾಕ್ಟರುಗಳು ಕಿವಿ ಗುಂಯ್ ಅನ್ನೋವರೆಗೂ ಡೋಸ್ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸ್ತಿದ್ರು. ನಿಮ್ಮ ಜೀರುಂಡೆ ಹೊಸದೇನಲ್ಲ.

ಆಸ್ಪಿರಿನ್, ಎಣ್ಣೆ ಎರಡನ್ನೂ ಇವತ್ತೇ ನಿಲ್ಲಿಸಿ, ನಾಳೆ ಅನ್ನದೆ ಹೋಗಿ ತೋರಿಸಿ. ಎಣ್ಣೆ ಬಾಟಲಿಯನ್ನೂ ತಗೊಂಡು ಹೋಗಿ. ಬಿಪಿ ಮಾತ್ರೆ ಜೊತೆ ಇಷ್ಟು ಆಸ್ಪಿರಿನ್ ಅಂದ್ರೆ ಕಿಡ್ನಿಗೂ ಭಾರ, ಕಿಡ್ನಿ ಹೇಗಿದೆ ಅಂತ ತಿಳಿಸೋ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ. ವಾಂತಿ, ಏದುಸಿರು, ಮಂಕು, ಕಪ್ಪು ಮಲ ಇವುಗಳಲ್ಲಿ ಯಾವುದು ಕಂಡ್ರೂ ರಾತ್ರಿಯಾದ್ರೂ ಹೊರಡಿ. ಔಷಧಿಯಿಂದ ಹೀಗೆ ತೊಂದರೆ ಆದ್ರೆ ತಿಳಿಸೋಕೆ ಸರ್ಕಾರದ ಉಚಿತ ನಂಬರ್ ಇದೆ, 1800-180-3024. ಯಾರು ಬೇಕಾದ್ರೂ ಮಾಡಬಹುದು.

ಬೇರೆಯವರಿಗೆ ಒಂದು ಮಾತು. ಹಾರ್ಟಿಗೆ ಅಂತ ಡಾಕ್ಟರು ಆಸ್ಪಿರಿನ್ 75 ಬರ್ಕೊಟ್ಟಿದ್ರೆ ಇದನ್ನ ಓದಿ ನಿಲ್ಲಿಸಬೇಡಿ. ಅದು ಬೇರೆ ಲೆಕ್ಕ.

ಕಡೂರು_ಮೇಷ್ಟ್ರು:

ನನಗೆ ಹರ್ನಿಯಾ ಆಪರೇಷನ್ ಆದಾಗ ಟ್ರಮಡಾಲ್ ಕೊಟ್ಟಿದ್ರು. ನೋವು ಹೋಯ್ತು, ಮೂಗಿನ ತುದಿ ಕೆರೆತ ಬಂತು. ಎರಡು ದಿನ ಮೂಗು ಉಜ್ಜಿ ಉಜ್ಜಿ ಕೋತಿ ಮುಖ ಆಯ್ತು. ನರ್ಸಮ್ಮ ನೋಡಿದ ತಕ್ಷಣ ಮಾತ್ರೆಯಿಂದ ಅಂತ ಹೇಳಿಬಿಟ್ರು. ಆಮೇಲೆ ಇನ್ನೊಂದು ಸ್ಟ್ರಿಪ್ ತರೋಣ ಅಂತ ಹೋದ್ರೆ ಚೀಟಿ ಇಲ್ಲದೆ ಮುಟ್ಟೋಕೂ ಬಿಡ್ಲಿಲ್ಲ. 2018ರಿಂದ ಅದು ಮಾದಕ ವಸ್ತು ಕಾಯ್ದೆಯೊಳಗೆ ಬಂದಿದೆಯಂತೆ. ಒಳ್ಳೇದೇ ಆಯ್ತು ಅನ್ನಿ.

ಕಾಫಿಕಣ:

ಎಂಟು ದಿನ ಬಿಟ್ಟು ಬರೀತಿದೀನಿ, ಕ್ಷಮಿಸಿ. ಮರುದಿನವೇ ಹೋದೆ. ಡಾಕ್ಟರು ಮಾತ್ರೆ ಬಗ್ಗೆ ಸುಮ್ಮನೆ ಕೇಳಿಸ್ಕೊಂಡ್ರು, ಬಾಟಲಿ ಮೇಜಿನ ಮೇಲಿಟ್ಟಾಗ ಕನ್ನಡಕ ಹಾಕ್ಕೊಂಡು ಲೇಬಲ್ ಎರಡು ಸಲ ಓದಿದ್ರು. ಕ್ರಿಯಾಟಿನಿನ್ ಸರಿಯಾಗಿದೆ. ಬಿಪಿ ಮಾತ್ರ ಏರಿತ್ತು.

ಎರಡನೇ ದಿನ ಸದ್ದು ದೂರದ ತೋಟಕ್ಕೆ ಹೋದ ಹಾಗಾಯ್ತು, ಮೂರನೇ ರಾತ್ರಿ ಇಲ್ಲ. ನಂಬಿಕೆ ಬರದೆ ಕಾಫಿ ಮೂಟೆ ಇಡೋ ಉಗ್ರಾಣದೊಳಗೆ ಹೋಗಿ ಬಾಗಿಲು ಹಾಕ್ಕೊಂಡು ನಿಂತೆ. ಇಲಿ ಓಡಿದ್ದು ಕೇಳಿಸ್ತು. ಇವತ್ತು ಮಧ್ಯಾಹ್ನ ಮತ್ತೆ ಝೀ ಅಂದಾಗ ಎದೆ ಧಸಕ್ ಅಂತು. ಮನೆಯವರನ್ನ ಕರೆದು ನಿಮಗೂ ಕೇಳ್ತಿದ್ಯಾ ಅಂದೆ. ‘ಕಿವಿ ತೂತು ಬೀಳೋ ಹಾಗೆ ಕೂಗ್ತಿವೆ, ಅದೇನು ಕೇಳ್ತೀಯ’ ಅಂದ್ರು.

ಎಣ್ಣೆ ಬಾಟಲಿ ಕಿಟಕಿ ಮೇಲಿತ್ತು. ತಂಗಿ ಮಗಳು ಬೇಸಿಗೆ ರಜಕ್ಕೆ ಬರ್ತಾಳೆ, ಮೂರು ವರ್ಷದ ದೊಡ್ಡ ಮಗು ಜೊತೆ. ಒಂದು ಚಮಚ ಕುಡಿದ್ರೂ ಆ ವಯಸ್ಸಿಗೆ ಪ್ರಾಣಕ್ಕೇ ಬರುತ್ತೆ ಅಂತ ಡಾಕ್ಟರು ಹೇಳಿದ ಮೇಲೆ ಅದನ್ನ ತೆಗೆದು ಬೀಗ ಇರೋ ಕಪಾಟಿಗೆ ಹಾಕಿದೆ.

ಮಂಡಿಗೆ ಪ್ಯಾರಸಿಟಮಾಲ್ 650 ಬರ್ಕೊಟ್ಟಿದ್ದಾರೆ, ದಿನಕ್ಕೆ ಮೂರು ಮೀರಬಾರದು ಅಂತ. ಅಷ್ಟೇನೂ ಹಿಡೀತಿಲ್ಲ. ತೋಟಕ್ಕೆ ಕೋಲು ಊರ್ಕೊಂಡು ಇಳೀತೀನಿ. ಬೇಲೂರು ತಮ್ಮ, ಮಂಡಿಗೆ ಏನು ಮಾಡ್ಬೇಕು ಅಂತ ಅಜ್ಜಿನ ಕೇಳಪ್ಪ, ಎಣ್ಣೆ ಒಂದು ಬಿಟ್ಟು.