ಮನೆಯವರೆಲ್ಲ ಸೇರಿ ಮಾಡಲು ಮೊದಲ ಮರಗೆಲಸ ಯಾವುದಿರಬೇಕು?

ಪ್ರಶ್ನೆ (ಕುವೆಂಪುನಗರ, ಮೈಸೂರು)

ಮಾನ್ಯರೇ, ನಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಮಾವನವರು, ಹನ್ನೆರಡು ವರ್ಷದ ಮಗಳು ಮತ್ತು ಏಳು ವರ್ಷದ ಮಗ ಇದ್ದಾರೆ. ಬೇಸಿಗೆ ರಜೆಯಲ್ಲಿ ಎಲ್ಲರೂ ಕೂಡಿ ಮರದಲ್ಲಿ ಏನನ್ನಾದರೂ ಮಾಡಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಮನೆಯಲ್ಲಿರುವುದು ಕೈಗರಗಸ, ಸುತ್ತಿಗೆ ಮತ್ತು ಒಂದು ಸಣ್ಣ ಡ್ರಿಲ್ ಮಾತ್ರ. ಉಳಿ ಹಿಡಿದ ಅನುಭವ ಯಾರಿಗೂ ಇಲ್ಲ. ಮಗಳಿಗೆ ಅಳಗುಳಿ ಮಣೆ ಮಾಡುವ ಹಂಬಲ, ನನಗೆ ದಸರಾ ಗೊಂಬೆಗಳನ್ನು ಕೂರಿಸುವ ಮೆಟ್ಟಿಲುಗಳ ಯೋಚನೆ. ಯಾವುದರಿಂದ ಆರಂಭಿಸುವುದು ಒಳ್ಳೆಯದು, ಎಂತಹ ಮರವನ್ನು ಕೊಳ್ಳಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಮಂಡ್ಯ)

ಎರಡನ್ನೂ ಸ್ವಲ್ಪ ಮುಂದಕ್ಕೆ ಹಾಕಿ, ಮೊದಲು ಕೂರುವ ಮಣೆಯೊಂದನ್ನು ಮಾಡಿ. ನೇರವಾದ ಕೊಯ್ತ ಬಿಟ್ಟರೆ ಅದರಲ್ಲಿ ಕಷ್ಟದ ಕೆಲಸವಿಲ್ಲ, ಮುಗಿದ ದಿನವೇ ಊಟಕ್ಕೆ ಹಾಕಿಕೊಂಡು ಕೂರಬಹುದು. ಹದಿನೆಂಟು ಇಂಚು ಉದ್ದ, ಹತ್ತು ಇಂಚು ಅಗಲ, ಒಂದು ಇಂಚು ದಪ್ಪದ ಹಲಗೆ ಮತ್ತು ಅದರ ಕೆಳಗೆ ಅಡ್ಡಲಾಗಿ ಒಂದು ಇಂಚು ಎತ್ತರದ ಎರಡು ಪಟ್ಟಿಗಳಿದ್ದರೆ ಸಾಕು. ಒಂದೂವರೆ ಇಂಚಿನ ಸ್ಕ್ರೂಗಳನ್ನು ಪಟ್ಟಿಯ ಕಡೆಯಿಂದ ಹಾಕಿದರೆ ಅವು ಹಲಗೆಯ ಅರ್ಧದಷ್ಟೇ ಒಳಗೆ ಹೋಗುವುದರಿಂದ ಮೇಲೆ ಮೊನೆ ಕಾಣಿಸುವುದಿಲ್ಲ.

ಇಲ್ಲಿ ಹೊಸಬರು ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಮಳೆಗಾಲದ ತೇವಕ್ಕೆ ಮರ ಅಗಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಎಳೆಯ, ಅಂದರೆ ಮರದ ನಾರಿನ, ಉದ್ದಕ್ಕೆ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಅಡ್ಡಪಟ್ಟಿಗಳನ್ನು ಉದ್ದಕ್ಕೂ ಫೆವಿಕಾಲ್ ಬಳಿದು ಬಿಗಿಯಾಗಿ ಅಂಟಿಸಿದರೆ ಒಂದೆರಡು ವರ್ಷಗಳಲ್ಲಿ ಹಲಗೆ ಬಿರುಕು ಬಿಡಬಹುದು. ಅಂಟನ್ನು ಬಿಟ್ಟು ಸ್ಕ್ರೂ ಮಾತ್ರ ಬಳಸಿ, ಪಟ್ಟಿಯ ನಡುವಿನ ತೂತು ಬಿಗಿಯಾಗಿದ್ದು ಕೊನೆಯ ತೂತುಗಳು ಪಟ್ಟಿಯ ಉದ್ದಕ್ಕೆ ತುಸು ನೀಳವಾಗಿರಲಿ.

ಮರದ ವಿಷಯದಲ್ಲಿ ನನ್ನ ಸಲಹೆ ಸಿಲ್ವರ್ ಓಕ್. ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಈ ಮರ ಹಗುರ, ಗರಗಸಕ್ಕೆ ಸುಲಭವಾಗಿ ಒಗ್ಗುತ್ತದೆ, ತೇಗದಷ್ಟು ದುಬಾರಿಯೂ ಅಲ್ಲ. ಮೈಸೂರಿನ ಕುಸುರಿ ಕೆಲಸಕ್ಕೆ ಹೆಸರಾದ ಬೀಟೆ ಮರ ಗಟ್ಟಿಯಾದದ್ದು, ಬೆಲೆಯೂ ಹೆಚ್ಚು. ಕಲಿಯುವ ಕೈಗೆ ಅದು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ಚೆನ್ನಾಗಿ ಒಣಗಿದ ಮರವನ್ನೇ ಕೇಳಿ ಪಡೆಯಿರಿ, ಹಸಿ ಹಲಗೆ ಆಮೇಲೆ ಸೊಟ್ಟಗಾಗುತ್ತದೆ.

ಉತ್ತರ (ಸರಸ್ವತಿಪುರಂ, ಮೈಸೂರು)

ಮಂಡ್ಯದವರು ಹೇಳಿದ ಮಣೆ ಮುಗಿದ ಮೇಲೆ ಗೊಂಬೆ ಮೆಟ್ಟಿಲುಗಳನ್ನು ಖಂಡಿತ ಮಾಡಬಹುದು, ಏಕೆಂದರೆ ಹಬ್ಬದೊಳಗೆ ಮುಗಿಸಬೇಕೆಂಬ ಗಡುವು ಇದ್ದಾಗ ಮನೆಯವರ ಉತ್ಸಾಹ ನಡುವೆ ಇಳಿಯುವುದಿಲ್ಲ. ಗೊಂಬೆಗಳನ್ನು ಬೆಸ ಸಂಖ್ಯೆಯ ಮೆಟ್ಟಿಲುಗಳ ಮೇಲೆ ಕೂರಿಸುವುದು ವಾಡಿಕೆಯಾದ್ದರಿಂದ ಮೂರರಿಂದ ಆರಂಭಿಸಿ. ಒಂದೇ ಚೌಕಟ್ಟಾಗಿ ಕಟ್ಟದೆ, ಮೂರು ಬೇರೆ ಬೇರೆ ಬೆಂಚುಗಳನ್ನು 18 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಮಾಡಿ. ಎತ್ತರ 24, 16 ಮತ್ತು 8 ಇಂಚು. ಉದ್ದ ಕ್ರಮವಾಗಿ 40, 38 ಮತ್ತು 36 ಇಂಚು. ಎಲ್ಲದರ ಅಗಲ 10 ಇಂಚು. ಈ ಅಳತೆಯಲ್ಲಿ ಹಬ್ಬ ಕಳೆದ ಮೇಲೆ ಚಿಕ್ಕದನ್ನು ದೊಡ್ಡದರೊಳಗೆ ತಳ್ಳಿ ಒಂದೇ ಬೆಂಚಿನ ಜಾಗದಲ್ಲಿ ಮೂರನ್ನೂ ಇಡಬಹುದು. ಬೆಂಚು ಅಲುಗಾಡದಂತೆ ಹಿಂಬದಿಯಲ್ಲಿ, ಮೇಲಿನ ಹಲಗೆಯ ಕೆಳಗೆ ಎರಡು ಕಾಲುಗಳ ನಡುವೆ ನಾಲ್ಕು ಇಂಚಿನ ಪಟ್ಟಿಯೊಂದನ್ನು ಕೂಡಿಸುವುದನ್ನು ಮರೆಯಬೇಡಿ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಹಾಳೆಯಲ್ಲಿ ಇಷ್ಟೂ ಮುಗಿದು ತುಂಡುಗಳು ಮಿಗುತ್ತವೆ.

ಹಾಳೆಯನ್ನು ಹತ್ತು ಇಂಚಿನ ಪಟ್ಟಿಗಳಾಗಿ ಯಂತ್ರದಲ್ಲಿ ಕೊಯ್ಯಿಸಿಯೇ ಮನೆಗೆ ತನ್ನಿ. ಅಷ್ಟುದ್ದವನ್ನು ಕೈಗರಗಸದಲ್ಲಿ ನೇರವಾಗಿ ಕೊಯ್ಯುವುದು ಹೊಸಬರಿಗೆ ಬಹಳ ಕಷ್ಟ, ಮಕ್ಕಳು ಸುಮ್ಮನೆ ನೋಡುತ್ತಾ ಕೂರಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಗನ ಕೈಗೆ ಯಾವ ಕೆಲಸ ಕೊಡಬಹುದು? ಅಳಗುಳಿ ಮಣೆಯನ್ನು ಬಿಟ್ಟುಬಿಡಿ ಎಂದರೆ ಮಗಳಿಗೆ ಬೇಸರವಾದೀತು.

ಉತ್ತರ (ಶ್ರೀರಂಗಪಟ್ಟಣ)

ಏಳು ವರ್ಷದ ಮಗುವಿಗೆ ಉಪ್ಪುಕಾಗದ ಉಜ್ಜುವ ಕೆಲಸವೇ ತಕ್ಕದ್ದು. ಕಾಗದವನ್ನು ಸಣ್ಣ ಮರದ ತುಂಡಿಗೆ ಸುತ್ತಿ ಕೊಡಿ. ಮೊದಲು 80, ಆಮೇಲೆ 120, ಕೊನೆಗೆ 220ನೇ ನಂಬರಿನದು. ಎಳೆಯ ದಿಕ್ಕಿನಲ್ಲೇ ಉಜ್ಜಬೇಕು, ಅಡ್ಡ ಉಜ್ಜಿದ ಗೀರುಗಳು ಎಣ್ಣೆ ಹಚ್ಚಿದಾಗ ಎದ್ದು ಕಾಣುತ್ತವೆ. ಧೂಳಿಗೆ ಎಲ್ಲರೂ ಮಾಸ್ಕ್ ಹಾಕಿಕೊಳ್ಳಲಿ. ಮೂಲೆಮಟ್ಟ (ಲಂಬಕೋನ ಅಳೆಯುವ ಸಾಧನ) ಇಟ್ಟು ಗೆರೆ ಎಳೆಯುವ ಹೊಣೆಯನ್ನು ಮಾವನವರಿಗೆ ಒಪ್ಪಿಸಿ. ಅಳತೆಯಲ್ಲಿ ಹಿರಿಯರಿಗಿರುವ ತಾಳ್ಮೆ ನಮಗಿರುವುದಿಲ್ಲ. ಮರವನ್ನು ಮೇಜಿಗೆ ಕ್ಲ್ಯಾಂಪ್ ಹಾಕಿ ಬಿಗಿದ ನಂತರ ಮಗಳು ನಿಮ್ಮೆದುರಿನಲ್ಲಿ ಗರಗಸ ಹಿಡಿಯಬಹುದು.

ಅಳಗುಳಿ ಮಣೆಗೆ ಬದಿಗೆ ಏಳರಂತೆ ಹದಿನಾಲ್ಕು ಗುಳಿಗಳನ್ನು ಒಂದೇ ಆಳಕ್ಕೆ ತೋಡಬೇಕು. ಅದಕ್ಕೆ ಬಾಗಿದ ಬಾಯಿಯ ಉಳಿಯೂ ಪಳಗಿದ ಕೈಯೂ ಬೇಕು. ಸದ್ಯಕ್ಕೆ ಮಿಕ್ಕ ಪ್ಲೈವುಡ್ ತುಂಡಿನಲ್ಲಿ ಅವಳೇ ಚೌಕಾಬಾರದ ಮಣೆ ಮಾಡಲಿ. ಐದೈದರಂತೆ ಇಪ್ಪತ್ತೈದು ಮನೆಗಳನ್ನು ಗೀಚಿ, ಕಟ್ಟೆಗಳಿಗೆ ಬಣ್ಣ ತುಂಬಿದರೆ ಆಟಕ್ಕೆ ಸಿದ್ಧ. ಉಳಿಯ ಅಭ್ಯಾಸವನ್ನು ಬೇಡದ ತುಂಡುಗಳ ಮೇಲೆ ನಿಧಾನವಾಗಿ ಆರಂಭಿಸಿದರೆ ಮುಂದಿನ ರಜೆಗೆ ಅಳಗುಳಿ ಮಣೆಯನ್ನು ಕೈಗೆತ್ತಿಕೊಳ್ಳಬಹುದು.

ಇನ್ನೊಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಮಣೆಗೆ ಅಗಸೆ ಎಣ್ಣೆ ಹಚ್ಚುವುದಾದರೆ, ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ, ಮುದುಡಿದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಹೊರಗೆ ಬಿಡಿಸಿ ಹರವಿ, ಪೂರ್ತಿ ಒಣಗಿದ ಮೇಲೆ ಕಸಕ್ಕೆ ಹಾಕಿ.