ಸಹಾಯ ಬೇಕು: ಸುದ್ದಿಗೆ ವಿಜ್ಞಾನಿಗಳ ಅಭಿಪ್ರಾಯ

ನಮಸ್ಕಾರ. ನಾನು ಮಡಿಕೇರಿಯಲ್ಲಿ ಪತ್ರಿಕಾ ವರದಿಗಾರ್ತಿ. ಮಳೆಗಾಲಕ್ಕೆ ಮುನ್ನ ಭೂವಿಜ್ಞಾನ, ಮಣ್ಣು, ಹವಾಮಾನ ಬಲ್ಲವರ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ದಯವಿಟ್ಟು ಹೆಸರು ಸೂಚಿಸಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗಲೂ 2022ರಲ್ಲಿ ಚೆಂಬು, ಸಂಪಾಜೆ ಕಡೆ ಭೂಮಿ ಕಂಪಿಸಿದಾಗಲೂ ಜನರಿಗೆ ಮೊದಲು ತಲುಪಿದ್ದು ವದಂತಿ. ಲಂಡನ್ನಿನ ಸೈನ್ಸ್ ಮೀಡಿಯಾ ಸೆಂಟರ್ 2002ರಿಂದ ತಜ್ಞರ ಮಾತನ್ನು ಪತ್ರಕರ್ತರಿಗೆ ಬೇಗನೆ ಒದಗಿಸುತ್ತಿದೆ. ನಮ್ಮ ಜಿಲ್ಲೆಗೂ ಅಂಥದ್ದು ಬೇಕೇ ಬೇಕು. ಹೊಸ ಸಂಶೋಧನೆಯ ಸುದ್ದಿಯಾದರೆ, ಅದರಲ್ಲಿ ಪಾಲ್ಗೊಳ್ಳದವರು ಮಾತನಾಡಬೇಕು: ಕಾರಣ ಸಾಬೀತಾಗಿದೆಯೇ, ಬರೀ ಸಂಬಂಧ ಕಂಡಿದೆಯೇ ಎಂದು ನೇರವಾಗಿ ಹೇಳಬಲ್ಲವರು. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಪರಿಚಿತರಿದ್ದಾರೆಯೇ? ಸಂಜೆಯೊಳಗೆ ಫೋನಿಗೆ ಸಿಕ್ಕಿ ಕನ್ನಡದಲ್ಲಿ ವಿವರಿಸಿದರೆ ಸಾಕು. ಅವರ ಒಪ್ಪಿಗೆ ಪಡೆದು ನನಗೆ ಸಂದೇಶ ಕಳುಹಿಸಿ.